ಔಷಧಕ್ಕೆ ಬಗ್ಗದ ಕುರು: ದೂರದ ಊರುಗಳಲ್ಲಿ ಅಪಾಯ ಎಲ್ಲಿದೆ ಎಂದು ಹುಡುಕುವ ಬಗೆ

ಮನೆಯಲ್ಲಿ ಒಬ್ಬರಿಗೆ ಕುರು ಎದ್ದಿತು. ಮಾತ್ರೆ ನುಂಗಿದರು, ಹೋಯಿತು. ಸ್ವಲ್ಪ ದಿನಕ್ಕೆ ಮಗುವಿನ ತೊಡೆಯ ಮೇಲೆ ಇನ್ನೊಂದು. ಆಮೇಲೆ ಪಕ್ಕದ ಮನೆಯಲ್ಲೂ ಶುರುವಾಯಿತು. ಈ ಸಲ ಅದೇ ಮಾತ್ರೆ ಕೊಟ್ಟರೆ ಕುರು ಜಗ್ಗಲೇ ಇಲ್ಲ. ಹೀಗೆ ಒಂದರ ಹಿಂದೆ ಒಂದು ಕಂಡರೆ "ಉಷ್ಣಕ್ಕೆ ಎದ್ದಿದೆ ಬಿಡು" ಅಂತ ಸುಮ್ನೆ ಕೂರುವ ಹಾಗಿಲ್ಲ. ಆಸ್ಪತ್ರೆ ಹತ್ತಿರವಿಲ್ಲದ ಊರಿನಲ್ಲಂತೂ ಕೂರಲೇಬಾರದು.

ಈ ಬರಹ ಅಂಥ ಊರಲ್ಲಿರುವವರಿಗೆ. ಮನೆ ನಡೆಸುವವರು, ಶಾಲೆ ಅಥವಾ ಹಾಸ್ಟೆಲ್ ನೋಡಿಕೊಳ್ಳುವವರು, ಆರೋಗ್ಯ ಕಾರ್ಯಕರ್ತರು ಯಾರು ಬೇಕಾದರೂ ಈ ಕೆಲಸ ಮಾಡಬಹುದು. ಇದರಲ್ಲಿರುವುದು ಚಿಕಿತ್ಸೆಗಿಂತ ಹೆಚ್ಚಾಗಿ ಹುಡುಕಾಟ. ಸೋಂಕು ಎಲ್ಲಿಂದ ಒಳಗೆ ಬರುತ್ತಿದೆ, ಯಾವುದರ ಮೇಲೆ ಕೂತು ಮನೆ ಮನೆ ಸುತ್ತುತ್ತಿದೆ ಎಂದು ಗೊತ್ತಾಗದೆ ಎಷ್ಟು ಮಾತ್ರೆ ಕೊಟ್ಟರೂ ಅದು ತಿರುಗಿ ಬರುತ್ತದೆ.

ಶುರು ಮಾಡುವ ಮೊದಲು: ಯಾವುದು ಈ ರೋಗಾಣು?

ಪೂರ್ತಿ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್. ಎಲ್ಲರೂ ಸ್ಟ್ಯಾಫ್ ಎನ್ನುತ್ತಾರೆ. ಹೆಚ್ಚುಕಡಿಮೆ ಮೂರು ಜನರಲ್ಲಿ ಒಬ್ಬರ ಮೂಗಿನೊಳಗೆ ಇದು ಇರುತ್ತದೆ, ಏನೂ ತೊಂದರೆ ಕೊಡದೆ. ಚರ್ಮ ಎಲ್ಲಾದರೂ ಒಡೆದರೆ ಒಳಗೆ ಇಳಿದು ಕೀವು ಮಾಡುತ್ತದೆ.

ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಸ್ಟ್ಯಾಫ್ ಅದನ್ನು ಮುರಿದು ಹಾಕಲು ಕಲಿತಿತ್ತು. ಅದಕ್ಕೆ ಉತ್ತರವಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರ ಹೊತ್ತಿಗೆ ಬ್ರಿಟನ್ನಿನಲ್ಲಿ ಅದಕ್ಕೂ ಬಗ್ಗದ ಸ್ಟ್ಯಾಫ್ ಕಾಣಿಸಿಕೊಂಡಿತು. ಅದೇ ಎಂಆರ್‌ಎಸ್‌ಎ. ಪೆನಿಸಿಲಿನ್ ಜಾತಿಯ ಔಷಧಗಳು ರೋಗಾಣುವಿನ ಹೊರಗೋಡೆ ಕಟ್ಟುವ ಒಂದು ಪ್ರೊಟೀನಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಎಂಆರ್‌ಎಸ್‌ಎ ಬೇರೆ ಥರದ ಪ್ರೊಟೀನು ಮಾಡಿಕೊಂಡಿದೆ. ಬೀಗ ಬದಲಾಗಿದೆ, ಹಳೆ ಕೀಲಿ ತಿರುಗುವುದಿಲ್ಲ. ಆದ್ದರಿಂದ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್ ಈ ಮೂರೂ ಒಟ್ಟಿಗೇ ಸೋಲುತ್ತವೆ. ಒಂದು ಕೆಲಸ ಮಾಡಲಿಲ್ಲ ಅಂತ ಇನ್ನೊಂದಕ್ಕೆ ಹೋದರೂ ಅಷ್ಟೇ.

ಬಹಳ ವರ್ಷ ಇದು ಆಸ್ಪತ್ರೆಯೊಳಗಿನ ತಲೆನೋವು ಎಂದೇ ಎಲ್ಲರೂ ತಿಳಿದಿದ್ದರು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಕಿಂಬರ್ಲಿ ಪ್ರದೇಶದಿಂದ ಬೇರೆ ಸುದ್ದಿ ಬಂತು. ದೊಡ್ಡ ಆಸ್ಪತ್ರೆಗಳಿಂದ ಬಹಳ ದೂರದ ಹಳ್ಳಿಗಳ ಜನರಲ್ಲಿ ಎಂಆರ್‌ಎಸ್‌ಎ ಸಿಕ್ಕಿತ್ತು. 1999ರಲ್ಲಿ ಅಮೆರಿಕದ ಮಿನ್ನೆಸೋಟ ಮತ್ತು ನಾರ್ತ್ ಡಕೋಟಾದಲ್ಲಿ ನಾಲ್ಕು ಮಕ್ಕಳು ಇದರಿಂದ ತೀರಿಕೊಂಡದ್ದು ವರದಿಯಾಯಿತು. ಅವರಿಗೂ ಆಸ್ಪತ್ರೆಯ ನಂಟು ಇರಲಿಲ್ಲ. ಹಾಗಾಗಿ "ನಾವು ಆಸ್ಪತ್ರೆಗೇ ಹೋಗಿಲ್ಲ, ನಮಗೆ ಎಲ್ಲಿಂದ ಬರುತ್ತೆ" ಎನ್ನುವ ಮಾತು ಈಗ ನಡೆಯುವುದಿಲ್ಲ.

ಹೆಜ್ಜೆ 1: ಚರ್ಮ ನೋಡಿ

ಪ್ರಶ್ನೆ ಕೇಳುವುದು ಆಮೇಲೆ. ಮೊದಲು ಬೆಳಕಿನಲ್ಲಿ ಕೂರಿಸಿ ಚರ್ಮ ನೋಡಿ. ಕಂಕುಳು, ತೊಡೆಸಂದು, ಕತ್ತಿನ ಹಿಂಭಾಗ, ಕೂರುವ ಜಾಗ, ಗಡ್ಡ ಬೋಳಿಸಿದ ಕೆನ್ನೆ. ಕುರು ಹೆಚ್ಚಾಗಿ ಏಳುವುದು ಇಲ್ಲೇ. ಶುರುವಿನಲ್ಲಿ ಕೆಂಪಗೆ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿರುತ್ತದೆ. ಆಮೇಲೆ ನಡುವೆ ಹಳದಿ ಮೂತಿ ಬರುತ್ತದೆ. "ಜೇಡ ಕಚ್ಚಿದೆ" ಎಂದು ಹೇಳಿಕೊಂಡು ಬರುವವರು ಬಹಳ. ಜೇಡವನ್ನು ಕಣ್ಣಾರೆ ಕಂಡವರು ಇಲ್ಲ ಅಂದರೆ ಅದು ಸ್ಟ್ಯಾಫ್ ಇರಬಹುದು ಎಂದೇ ಮೊದಲು ಎಣಿಸಿ.

ಕುರುವಿಗಿಂತ ಮುಖ್ಯ, ಅದಕ್ಕೆ ದಾರಿ ಮಾಡಿಕೊಟ್ಟ ಒಡಕು. ಅದರಲ್ಲಿ ಎಲ್ಲರೂ ಮರೆಯುವುದು ಕಜ್ಜಿ. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಚಿಕ್ಕ ಗುಳ್ಳೆ, ರಾತ್ರಿ ಹೊತ್ತು ಜಾಸ್ತಿಯಾಗುವ ತುರಿಕೆ. ಕಜ್ಜಿಯ ಹುಳು ಚರ್ಮ ಕೊರೆಯುತ್ತದೆ, ಮಗು ಉಗುರಿನಿಂದ ಕೆರೆಯುತ್ತದೆ, ಕೆರೆದಲ್ಲಿ ಸ್ಟ್ಯಾಫ್ ಮತ್ತು ಸ್ಟ್ರೆಪ್ (ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ರೋಗಾಣು) ಎರಡೂ ಇಳಿಯುತ್ತವೆ. ಕೀವಿಗೆ ಮಾತ್ರೆ ಕೊಟ್ಟು ಕಜ್ಜಿಯನ್ನು ಹಾಗೇ ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ.

ಇದಕ್ಕೆ ಒಳ್ಳೆ ಪುರಾವೆ ಫಿಜಿ ದ್ವೀಪಗಳಿಂದ ಬಂದಿದೆ. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದು ಗುಂಪಿನ ಊರುಗಳಲ್ಲಿ ತುರಿಕೆ ಇದ್ದವರು, ಇಲ್ಲದವರು ಎನ್ನದೆ ಇಡೀ ಊರಿಗೆ ಕಜ್ಜಿಯ ಔಷಧ ಐವರ್‌ಮೆಕ್ಟಿನ್ ಕೊಟ್ಟರು. ವರ್ಷ ಕಳೆಯುವ ಹೊತ್ತಿಗೆ ಕಜ್ಜಿ ಶೇ. 32ರಿಂದ ಶೇ. 2ರ ಆಸುಪಾಸಿಗೆ ಇಳಿಯಿತು. ಚರ್ಮದ ಕೀವುಹುಣ್ಣು ಶೇ. 25ರ ಹತ್ತಿರದಿಂದ ಶೇ. 8ಕ್ಕೆ ಬಂತು. ಹುಣ್ಣು ಇಳಿಸಲು ಅಲ್ಲಿ ಬೇಕಾದದ್ದು ಹುಳುವಿನ ಔಷಧ! ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪಾಠ ಇದೇ. ಗರ್ಭಿಣಿಯರಿಗೆ, ತೀರ ಚಿಕ್ಕ ಮಕ್ಕಳಿಗೆ ಐವರ್‌ಮೆಕ್ಟಿನ್ ಬದಲು ಹಚ್ಚುವ ಪರ್ಮೆಥ್ರಿನ್ ಕ್ರೀಮ್ ಕೊಡುವುದು ವಾಡಿಕೆ. ಯಾರಿಗೆ ಯಾವುದು ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ. ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಇನ್ನುಳಿದ ಒಡಕುಗಳು ಗೊತ್ತಿರುವಂಥವೇ. ಎಸ್ಜಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ), ಕೆರೆದ ಸೊಳ್ಳೆ ಕಡಿತ, ಬಿರುಕು ಬಿಟ್ಟ ಹಿಮ್ಮಡಿ, ಆಟದಲ್ಲಿ ಆದ ತರಚು ಗಾಯ, ರೇಜರ್ ಗೀರು, ಹೊಸ ಹಚ್ಚೆ, ಸೂಜಿ ಚುಚ್ಚಿದ ಜಾಗ.

ಹೆಜ್ಜೆ 2: ಮನೆ ನೋಡಿ

ಬಾಗಿಲ ಹಿಂದೆ ಎಷ್ಟು ಟವೆಲ್ ನೇತಾಡುತ್ತಿವೆ? ಮಲಗುವವರು ಎಷ್ಟು ಜನ? ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ. ಏಳು ಜನರ ಮನೆಯಲ್ಲಿ ಎರಡು ಟವೆಲ್, ಎರಡೂ ಒದ್ದೆ.

ಸ್ಟ್ಯಾಫ್ ಗಾಳಿಯಲ್ಲಿ ಹಾರಿ ಬರುವುದಕ್ಕಿಂತ ಕೈಯಿಂದ, ಚರ್ಮದಿಂದ, ಬಟ್ಟೆಯಿಂದ ಬರುವುದೇ ಹೆಚ್ಚು. ಒಣ ವಸ್ತುಗಳ ಮೇಲೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಿರುತ್ತದೆ. ಹಂಚಿಕೊಳ್ಳುವ ಹಾಸಿಗೆ, ದಿಂಬು, ರೇಜರ್, ಸೋಪಿನ ಬಿಲ್ಲೆ, ಆಟದ ಜರ್ಸಿ ಎಲ್ಲವೂ ಇದಕ್ಕೆ ವಾಹನ. 2003ರಲ್ಲಿ ಅಮೆರಿಕದ ಒಂದು ವೃತ್ತಿಪರ ಫುಟ್‌ಬಾಲ್ ತಂಡದಲ್ಲೇ ಇದು ಹಬ್ಬಿತ್ತು. ಕೃತಕ ಹುಲ್ಲಿನ ಮೇಲೆ ಬಿದ್ದು ಮೊಣಕೈ, ಮೊಣಕಾಲು ತರಚಿಕೊಂಡ ಆಟಗಾರರು, ಒಂದೇ ಟವೆಲ್ಲಿನಲ್ಲಿ ಹಲವರು ಮೈ ಒರೆಸಿಕೊಳ್ಳುವ ಅಭ್ಯಾಸ. ಹಣಕ್ಕೂ ವೈದ್ಯರಿಗೂ ಕೊರತೆಯಿಲ್ಲದ ಕಡೆಯೇ ಹೀಗಾಯಿತು. ಹಾಗಾಗಿ ದಯವಿಟ್ಟು "ಕೊಳಕು ಜನ" ಎಂಬ ಮಾತನ್ನು ಯಾರ ಮನೆಯಲ್ಲೂ ಆಡಬೇಡಿ. ಒಮ್ಮೆ ಆಡಿದರೆ ಮುಂದಿನ ಕುರುವನ್ನು ಅವರು ನಿಮಗೆ ತೋರಿಸುವುದೇ ಇಲ್ಲ.

ಈಗ ನೀರು. ದೂರದ ಊರುಗಳ ಕಥೆಯಲ್ಲಿ ದೊಡ್ಡ ಭಾಗ ಇದರದ್ದೇ. ಅಮೆರಿಕದ ಅಲಾಸ್ಕಾ ರಾಜ್ಯದ ಹಳ್ಳಿಗಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ನಲ್ಲಿ ನೀರು ಇರುವ ಮನೆಗಳು ಕಡಿಮೆ ಇದ್ದ ಪ್ರದೇಶಗಳಲ್ಲೇ ಸ್ಟ್ಯಾಫ್ ಮತ್ತು ಚರ್ಮದ ಸೋಂಕಿಗೆ ಆಸ್ಪತ್ರೆ ಸೇರುವವರು ಜಾಸ್ತಿ ಎಂದು ಕಂಡಿತು. ಹೊತ್ತು ತರುವ ನೀರು ಕುಡಿಯಲು, ಅಡುಗೆಗೆ ಹೋಗುತ್ತದೆ. ಕೈ ತೊಳೆಯಲು ಉಳಿಯುವುದು ಒಂದು ಬೋಗುಣಿ. ಅದರಲ್ಲೇ ಮನೆಯವರೆಲ್ಲ ಕೈ ಅದ್ದುತ್ತಾರೆ. ಮೊದಲನೆಯವನ ಕೀವು ಕೊನೆಯವನ ಕೈಗೆ.

ಪೈಪ್ ಬರುವವರೆಗೆ ಕಾಯಬೇಕಿಲ್ಲ. ಬೋಗುಣಿ ತೆಗೆದು ಹರಿಯುವ ನೀರು ಮಾಡಿ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ಮುಚ್ಚಳದ ಸ್ವಲ್ಪ ಕೆಳಗೆ, ಮುಂಭಾಗದಲ್ಲಿ, ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ. ಎರಡು ಗೂಟದ ನಡುವೆ ಅಡ್ಡ ಕೋಲು ಹಾಕಿ, ಹಿಡಿಯ ಮೂಲಕ ತೂಗುಹಾಕಿ. ಕುತ್ತಿಗೆಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೆಲದ ಮೇಲೆ ಓರೆಯಾಗಿಟ್ಟ ಕೋಲಿಗೆ ಕಟ್ಟಿ. ಕೋಲನ್ನು ಕಾಲಿನಿಂದ ತುಳಿದರೆ ಕ್ಯಾನು ಬಾಗಿ ಸಣ್ಣ ಧಾರೆ ಬೀಳುತ್ತದೆ. ಕೈ ಯಾವುದಕ್ಕೂ ತಾಗುವುದಿಲ್ಲ, ನೀರೂ ಕಡಿಮೆ ಸಾಕು. ಸೋಪನ್ನು ಹಳೆ ಕಾಲುಚೀಲದಲ್ಲಿ ಹಾಕಿ ಪಕ್ಕದಲ್ಲೇ ಕಟ್ಟಿ. ಮಕ್ಕಳಿಗೆ ಇದು ಆಟವೂ ಹೌದು, ಬೇಡ ಅಂದರೂ ಕೈ ತೊಳೆಯುತ್ತಾರೆ.

ನೀರು ಅಷ್ಟೂ ಇಲ್ಲ ಅಂದಾಗ ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆಗುತ್ತದೆ. ಮಣ್ಣು, ಜಿಡ್ಡು ಹತ್ತಿದ ಕೈಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಒಲೆಯಿಂದ, ಪುಟ್ಟ ಮಕ್ಕಳಿಂದ ದೂರ ಇಡಿ.

ಊರವರು ಸೇರುವ ಜಾಗಗಳನ್ನೂ ಪಟ್ಟಿಗೆ ಸೇರಿಸಿ. 2000ದಲ್ಲಿ ಅಲಾಸ್ಕಾದ ನೈಋತ್ಯ ಭಾಗದಲ್ಲಿ ಕುರುವಿನ ಹಾವಳಿ ಎದ್ದಾಗ ಹುಡುಕಿಕೊಂಡು ಹೋದವರಿಗೆ ಎಂಆರ್‌ಎಸ್‌ಎ ಸಿಕ್ಕಿದ್ದು ಬಿಸಿ ಆವಿಯ ಸ್ನಾನದ ಕೋಣೆಗಳಲ್ಲಿ. ಅಂಥ ಕೋಣೆ ಬಳಸಿದವರಲ್ಲೇ ಕುರು ಹೆಚ್ಚಿತ್ತು. ಬರಿ ಮೈಯಲ್ಲಿ ಕೂರುವ ಜಾಗಕ್ಕೆ ಪ್ರತಿಯೊಬ್ಬರೂ ತಮ್ಮದೇ ಬಟ್ಟೆ ಹಾಸಿಕೊಂಡು ಕೂರುವುದು ಇದಕ್ಕೆ ಸುಲಭದ ಉಪಾಯ. ಜಿಮ್ಮಿನ ಬೆಂಚು, ಕುಸ್ತಿಯ ಚಾಪೆಗೂ ಇದೇ ಮಾತು.

ಹೆಜ್ಜೆ 3: ಮಾತ್ರೆಯ ಲೆಕ್ಕ ತೆಗೆಯಿರಿ

ಅದೇ ಅಲಾಸ್ಕಾದ ಹುಡುಕಾಟದಲ್ಲಿ ಇನ್ನೊಂದು ವಿಷಯ ಹೊರಬಂತು. ಕುರು ಎದ್ದವರು ಅದರ ಹಿಂದಿನ ಒಂದು ವರ್ಷದಲ್ಲಿ ಉಳಿದವರಿಗಿಂತ ಹೆಚ್ಚು ಸಲ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಮಾತ್ರೆ ನುಂಗಿದಾಗ ಬಗ್ಗುವ ರೋಗಾಣುಗಳು ಸಾಯುತ್ತವೆ, ಬಗ್ಗದವುಗಳಿಗೆ ಜಾಗ ಖಾಲಿಯಾಗುತ್ತದೆ.

ಹಾಗಾಗಿ ಹೀಗೆ ಕೇಳಿ: ಈ ಒಂದು ವರ್ಷದಲ್ಲಿ ಎಷ್ಟು ಸಲ ಮಾತ್ರೆ ತೆಗೆದುಕೊಂಡಿರಿ, ಯಾವುದಕ್ಕೆ, ಎಷ್ಟು ದಿನ? ಉಳಿದ ಮಾತ್ರೆ ಏನಾಯಿತು? ಕೊನೆಯ ಪ್ರಶ್ನೆ ಬಿಡಬೇಡಿ. ಡಾಕ್ಟರು ದೂರ ಇರುವ ಕಡೆ ಉಳಿದ ಮಾತ್ರೆ ಕಸಕ್ಕೆ ಹೋಗುವುದಿಲ್ಲ, ಡಬ್ಬಕ್ಕೆ ಹೋಗುತ್ತದೆ. ಅಲ್ಲಿಂದ ಪಕ್ಕದ ಮನೆಯ ಮಗುವಿನ ನೆಗಡಿಗೆ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ತಾಗುವುದೇ ಇಲ್ಲ. ಹೀಗೆ ಮಾಡುವವರನ್ನು ಬೈದು ಪ್ರಯೋಜನವಿಲ್ಲ, ದಿನದ ದಾರಿ ಇರುವಾಗ ಯಾರೇ ಆದರೂ ಡಬ್ಬ ತೆರೆಯುತ್ತಾರೆ. ಉಳಿದ ಮಾತ್ರೆಯನ್ನು ಆರೋಗ್ಯ ಕೇಂದ್ರಕ್ಕೆ ವಾಪಸ್ ಕೊಡುವ ಏರ್ಪಾಡು ಮಾಡಿದರೆ ಮಾತ್ರ ಡಬ್ಬ ಖಾಲಿಯಾದೀತು.

ಹೆಜ್ಜೆ 4: ಯಾರ ಮೇಲೆ ಹೆಚ್ಚು ಕಣ್ಣಿಡಬೇಕು

ಸಕ್ಕರೆ ಕಾಯಿಲೆ ಇರುವವರು, ಹಸುಗೂಸುಗಳು, ವಯಸ್ಸಾದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದು ಬಂದವರು, ಮೊದಲೊಮ್ಮೆ ಎಂಆರ್‌ಎಸ್‌ಎ ಆದವರು ಮತ್ತು ಅವರ ಮನೆಯವರು. ಹಾಸ್ಟೆಲ್, ಜೈಲು, ಕೆಲಸದ ಕ್ಯಾಂಪ್ ಹೀಗೆ ಒತ್ತೊತ್ತಾಗಿ ಮಲಗುವ ಕಡೆಯವರು. ಹಂದಿ ಸಾಕುವವರಲ್ಲಿ ಪ್ರಾಣಿಯಿಂದ ಬರುವ ಒಂದು ಬಗೆಯೂ ಇದೆ.

ಹೆಜ್ಜೆ 5: ಕುರು ಎದ್ದಾಗ ಮನೆಯಲ್ಲಿ ಮಾಡಬೇಕಾದ್ದು

ಹಿಸುಕಬೇಡಿ. ಸೂಜಿ, ಬ್ಲೇಡಿನಿಂದ ಚುಚ್ಚಬೇಡಿ. ಹಿಸುಕಿದರೆ ಕೀವು ಹೊರಗೆ ಬರುವಷ್ಟೇ ಒಳಗೂ ಸರಿಯುತ್ತದೆ. ಮೂಗು, ಮೇಲ್ತುಟಿಯ ಸುತ್ತ ಎದ್ದ ಕುರುವನ್ನಂತೂ ಮುಟ್ಟಲೇಬಾರದು. ಅಲ್ಲಿನ ರಕ್ತನಾಳಗಳಿಂದ ತಲೆಯೊಳಗಿನ ನಾಳಗಳಿಗೆ ದಾರಿ ಇದೆ.

ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಚರ್ಮ ಸುಡದಷ್ಟು ಬಿಸಿ ಇರುವಾಗ ಕುರುವಿನ ಮೇಲೆ ಹತ್ತು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ. ಆ ಬಟ್ಟೆ ಆ ಕುರುವಿಗೆ ಮಾತ್ರ, ಪ್ರತಿ ಸಲವೂ ಒಗೆದದ್ದು. ಸಣ್ಣ ಕುರು ಇಷ್ಟಕ್ಕೇ ಹಣ್ಣಾಗಿ ತಾನೇ ಒಡೆಯುತ್ತದೆ.

ಕೆಂಪು ಎಲ್ಲಿಯವರೆಗಿದೆಯೋ ಅದರ ಅಂಚಿನ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆಗೆ ಕೆಂಪು ಗೆರೆ ದಾಟಿತೇ ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಬೆರಳಿಟ್ಟು ಬಿಸಿ ಮತ್ತು ಗಟ್ಟಿತನದ ಅಂಚು ಹುಡುಕಿ. ಫೋನಿನಲ್ಲಿ ಫೋಟೋ ತೆಗೆದು ನರ್ಸಿಗೆ ಕಳಿಸುವಾಗ ಈ ಗೆರೆ ಇದ್ದರೆ ಅವರಿಗೆ ಅರ್ಧ ಕೆಲಸ ಆದಂತೆ.

ಒಡೆದ ಮೇಲೆ ಕೀವು ಹೊರಗೆ ಸೋರದ ಹಾಗೆ ಒಣ ಪಟ್ಟಿ ಕಟ್ಟಿ. ಬಿಚ್ಚಿದ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದು ಎಸೆಯಿರಿ. ಕಟ್ಟುವ ಮೊದಲು, ಕಟ್ಟಿದ ಮೇಲೆ ಎರಡು ಸಲವೂ ಕೈ ತೊಳೆಯಿರಿ. ಗಾಯ ಪೂರ್ತಿ ಮುಚ್ಚಿದ್ದು ಪಟ್ಟಿ ಒಣಗಿದ್ದರೆ ಮಗು ಶಾಲೆಗೆ ಹೋಗಬಹುದು. ಸೋರುತ್ತಿದ್ದರೆ ಮನೆಯಲ್ಲಿರಲಿ. ಮೈಗೆ ಮೈ ತಾಗುವ ಆಟಗಳಂತೂ ಗಾಯ ಮಾಯುವವರೆಗೆ ಬೇಡ. ಬಟ್ಟೆ, ಹಾಸಿಗೆಯನ್ನು ಸೋಪು ಹಾಕಿ ಒಗೆದು ಚೆನ್ನಾಗಿ ಒಣಗಿಸಿ. ಅರೆ ಒಣಗಿದ ಟವೆಲ್ ಮಡಚಿ ಇಡುವುದು ಬೇಡ.

ಹೆಜ್ಜೆ 6: ಯಾವಾಗ ಹೊರಡಬೇಕು

ಪಟ್ಟಣದವರಿಗೆ ಹೇಳುವ "ಎರಡು ದಿನ ನೋಡಿ" ಎಂಬ ಮಾತು ದೂರದ ಊರಿಗೆ ಹೊಂದುವುದಿಲ್ಲ. ದಾರಿಯ ಸಮಯವನ್ನೂ ಆ ಎರಡು ದಿನದೊಳಗೇ ಸೇರಿಸಿಕೊಳ್ಳಿ. ಬೆಳಿಗ್ಗೆ ಒಂದೇ ವಾಹನ ಅಂದರೆ ಹಿಂದಿನ ಸಂಜೆಯೇ ನಿರ್ಧಾರ ಆಗಬೇಕು.

ಜ್ವರ, ಚಳಿ ನಡುಕ, ಪೆನ್ನಿನ ಗೆರೆ ದಾಟಿದ ಕೆಂಪು, ಕುರುವಿನಿಂದ ಮೇಲಕ್ಕೆ ಓಡುವ ಕೆಂಪು ಎಳೆ, ಮುಖದ ಮೇಲಿನ ಕುರು, ಹಸುಗೂಸಿಗೆ ಅಥವಾ ಸಕ್ಕರೆ ಕಾಯಿಲೆಯವರಿಗೆ ಎದ್ದ ಯಾವುದೇ ಕುರು, ಇವುಗಳಲ್ಲಿ ಒಂದಿದ್ದರೂ ಹೊರಡಿ. ಗಾಯ ಕಾಣುವುದಕ್ಕಿಂತ ನೋವು ವಿಪರೀತ ಇದ್ದರೆ ಕಾಯಲೇಬೇಡಿ. ಇನ್ನೆರಡನ್ನು ಜನ ಕುರುವಿಗೆ ತಾಳೆ ಹಾಕುವುದೇ ಇಲ್ಲ. ಒಂದು, ಮಗು ಬಿದ್ದಿಲ್ಲ, ಆದರೂ ಕುಂಟುತ್ತಿದೆ, ಜ್ವರವಿದೆ. ಸ್ಟ್ಯಾಫ್ ಮೂಳೆಗೋ ಕೀಲಿಗೋ ಇಳಿದಿರಬಹುದು. ಇನ್ನೊಂದು, ಫ್ಲೂ ಬಂದು ಇಳಿಯುತ್ತಿದೆ ಅನ್ನುವಾಗ ದಿಢೀರನೆ ಉಸಿರಾಟ ಕಷ್ಟವಾಗಿ ಕಫದಲ್ಲಿ ರಕ್ತ. ಪುಪ್ಪುಸಕ್ಕೆ ಹೋದ ಸ್ಟ್ಯಾಫ್ ಬಹಳ ಬೇಗ ಜೀವ ತೆಗೆಯಬಲ್ಲದು.

ಹೆಜ್ಜೆ 7: ಡಾಕ್ಟರ ಬಳಿ ಕೇಳಬೇಕಾದ್ದು

ಕೀವು ತುಂಬಿದ ದೊಡ್ಡ ಕುರುವಿಗೆ ಮುಖ್ಯ ಚಿಕಿತ್ಸೆ ಅದನ್ನು ಶುದ್ಧವಾಗಿ ಕೊಯ್ದು ಕೀವು ತೆಗೆಯುವುದು. ಬರೀ ಮಾತ್ರೆ ಬರೆದು ಕಳಿಸುತ್ತಿದ್ದರೆ, "ಕೊಯ್ಯಬೇಕಾ ಡಾಕ್ಟ್ರೇ?" ಎಂದು ಧೈರ್ಯವಾಗಿ ಕೇಳಿ. ತೆಗೆದ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಲು ಹೇಳಿ, ಅಂದರೆ ಕೀವಿನ ರೋಗಾಣುವನ್ನು ಬೆಳೆಸಿ ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ. ಕೀವು ಒಳಗಿನದ್ದಾಗಬೇಕು, ಚರ್ಮದ ಮೇಲೆ ಸವರಿದ ಸ್ವಾಬ್‌ನಿಂದ ಸುಮ್ನೆ ಗೊಂದಲ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು, ಆದ್ದರಿಂದ ಯಾರಿಗೆ ಫೋನ್ ಮಾಡಿ ತಿಳಿದುಕೊಳ್ಳಬೇಕು ಎಂಬುದನ್ನು ಅಲ್ಲೇ ಬರೆದುಕೊಂಡು ಹೊರಡಿ.

ಎಂಆರ್‌ಎಸ್‌ಎ ಎಂದು ಬಂದರೆ ಗಾಬರಿ ಬೇಡ, ಔಷಧ ಇದೆ. ಕೋ-ಟ್ರೈಮಾಕ್ಸಜೋಲ್, ಕ್ಲಿಂಡಮೈಸಿನ್, ಡಾಕ್ಸಿಸೈಕ್ಲಿನ್ ಇವುಗಳಲ್ಲಿ ಯಾವುದು ಹಿಡಿಯುತ್ತದೆ ಎಂದು ವರದಿ ಹೇಳುತ್ತದೆ. ನಂಜು ಮೈಗೆ ಏರಿದ್ದರೆ ಆಸ್ಪತ್ರೆಯಲ್ಲಿ ವ್ಯಾಂಕೊಮೈಸಿನ್ ಡ್ರಿಪ್ ಹಾಕುತ್ತಾರೆ. ಬರೆದುಕೊಟ್ಟಷ್ಟು ದಿನ ತೆಗೆದುಕೊಳ್ಳಿ. ಆ ವರದಿಯ ಫೋಟೋ ಫೋನಿನಲ್ಲಿ ಇರಲಿ, ಮುಂದಿನ ಸಲ ಬೇರೆ ಡಾಕ್ಟರು ಸಿಕ್ಕರೆ ಮೊದಲು ಅದನ್ನೇ ತೋರಿಸಿ.

ಹೆಜ್ಜೆ 8: ತಿರುಗಿ ತಿರುಗಿ ಬರುತ್ತಿದ್ದರೆ

ಮೂಗಿನಲ್ಲಿ ಮನೆ ಮಾಡಿದ ಸ್ಟ್ಯಾಫನ್ನು ಓಡಿಸುವ ವಿಧಾನವೂ ಇದೆ. ಮೂಗಿನೊಳಗೆ ಮುಪಿರೋಸಿನ್ ಮುಲಾಮು ದಿನಕ್ಕೆ ಎರಡು ಸಲ, 5ರಿಂದ 10 ದಿನ. ಜೊತೆಗೆ ರೋಗಾಣು ಕೊಲ್ಲುವ ದ್ರಾವಣವಾದ ಕ್ಲೋರ್‌ಹೆಕ್ಸಿಡಿನ್‌ನಿಂದ ಮೈ ತೊಳೆಯುವುದು. ಇದನ್ನು ಡಾಕ್ಟರ ಮಾತಿನ ಮೇಲೆ ಮಾತ್ರ ಮಾಡಿ. ಸಿಕ್ಕವರೆಲ್ಲ ಹಚ್ಚಿಕೊಂಡರೆ ಮುಪಿರೋಸಿನ್‌ಗೂ ಬಗ್ಗದ ಸ್ಟ್ಯಾಫ್ ಬರುತ್ತದೆ, ಬಂದೂ ಇದೆ. ಕುರು ಇರುವವರೊಬ್ಬರೇ ಮಾಡುವುದಕ್ಕಿಂತ ಮನೆಯವರೆಲ್ಲ ಒಟ್ಟಿಗೆ ಮಾಡಿದರೆ ಫಲ ಹೆಚ್ಚು. ಕಜ್ಜಿ, ಟವೆಲ್, ನೀರು ಸರಿ ಮಾಡದೆ ಇದಕ್ಕೆ ಕೈ ಹಾಕುವುದು ನನ್ನ ದೃಷ್ಟಿಯಲ್ಲಿ ದಂಡ.

ಊರಿನ ಮಟ್ಟದಲ್ಲಿ ಒಂದು ನೋಟ್‌ಬುಕ್ ಸಾಕು. ತಾರೀಕು, ಮನೆ, ವಯಸ್ಸು, ಮೈಯ ಯಾವ ಜಾಗ, ಕಜ್ಜಿ ಇತ್ತೋ ಇಲ್ಲವೋ, ಯಾವ ಮಾತ್ರೆ, ವಾಸಿಯಾಯಿತೇ. ಪುಸ್ತಕ ಒಬ್ಬರ ಹತ್ತಿರವೇ, ಬೀಗದೊಳಗೆ ಇರಲಿ. ಯಾರ ಮನೆಯಲ್ಲಿ ಕುರು ಎಂಬುದು ಊರ ಬಾಯಿಗೆ ಬೀಳಬಾರದು. ಒಂದೇ ಮನೆ, ಒಂದೇ ಹಾಸ್ಟೆಲ್ ಅಥವಾ ಒಂದೇ ತಂಡದಲ್ಲಿ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕುರು ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕೀವಿನ ಪರೀಕ್ಷೆ ಮಾಡಿಸಲು ಒತ್ತಾಯಿಸಿ. ನಲ್ಲಿ ನೀರಿಗೆ ಅರ್ಜಿ ಹಾಕುವಾಗಲೂ ಇದೇ ಪುಸ್ತಕದ ಲೆಕ್ಕ ಲಗತ್ತಿಸಿ, ಹೆಸರು ಬಿಟ್ಟು.